ಅಶ್ರುಧಾರೆಗೆ ಎಳೆದ ಗೀಟು

ನ್ಯಾಮತಿ, ೧೯೪೧

ಪೂಜ್ಯ ಮರುಳಸಿದ್ದಪ್ಪ ಮೇಷ್ಟ್ರಿಗೆ,

ನೀವು ತೀರಿಕೊಂಡು ವರ್ಷವಾಯಿತು. ಆದರೂ ಇವತ್ತಿನ ಸಂಗತಿಯನ್ನು ನಿಮಗೇ ಹೇಳಬೇಕು.

ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಅವ್ವನಿಗೆ ನನ್ನ ಹೊಸ ಕಥೆ ಓದಿ ಹೇಳಿದೆ. ‘ಮಗ ಸತ್ತ ತಾಯಿ ಅಶ್ರುಧಾರೆ ಸುರಿಸಿದಳು’ ಎಂದಾಗ ಅವ್ವ ತಲೆಯೆತ್ತಿ, “ಅದೇನ್ ಸುರಿಸಿದ್ಲು? ಒರೆಸಾಕೆ ಅರಿವೆ ಐತಾ?” ಎಂದಳು.

ನಗು ಬಂತು. ಆ ಸಾಲು ಹೊಡೆದುಹಾಕಿ, ‘ಸತ್ತ ಮಗನ ತಟ್ಟೆಗೂ ರೊಟ್ಟಿ ಹಾಕಿದಳು’ ಎಂದು ಬರೆದು ಮತ್ತೆ ಓದಿದೆ. ಅವ್ವನ ಕೈ ನಿಂತುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅದನ್ನೇ ಖುಷಿಯಿಂದ ತಿಂದೆ.

ಹೊನ್ನಾಳಿಯಲ್ಲಿ ಓದುವಾಗ ನೀವು ಕೆಂಪು ಗೀಟು ಎಳೆದದ್ದೂ ಇದೇ ‘ಅಶ್ರುಧಾರೆ’ ಎಂಬ ಪದಕ್ಕೆ. “ಬರೆದದ್ದನ್ನ ನಿಮ್ಮವ್ವಂಗೆ ಓದಿ ಹೇಳೋ” ಎಂದಿದ್ದಿರಿ. ಅಕ್ಷರ ಬಾರದವಳಿಗೆ ಏನು ತಿಳಿಯುತ್ತದೆ ಎಂದು ಸಿಟ್ಟಾಗಿ, ನಿಮ್ಮೆದುರೇ ಹಾಳೆ ಹರಿದಿದ್ದೆ. ಚೂರುಗಳನ್ನು ನೀವು ಬಗ್ಗಿ ಒಂದೊಂದಾಗಿ ಆರಿಸಿದಿರಿ. ನಾನು ನಿಂತೇ ಇದ್ದೆ.

ನಿಮ್ಮ ಶಿಷ್ಯ,
ಓಂಕಾರಪ್ಪ