ಗೋಡೆಗೆ ಗುದ್ದಿದ ಲಾರಿ

ಅಪ್ಪ,

ನೀನು ಹೋಗಿ ಮೂರು ತಿಂಗಳಾದ ಮೇಲೆ, ಇವತ್ತು ನೀನು ಹವ್ಯಾಸಕ್ಕೆ ಓಡಿಸುತ್ತಿದ್ದ ಆ ಪುಟ್ಟ ರಿಮೋಟ್ ಲಾರಿಯನ್ನು ರಿಪೇರಿಯವರ ಹತ್ತಿರ ಒಯ್ದಿದ್ದೆ. ಮೊನ್ನೆ ಓಡಿಸಿ ನೋಡಿದಾಗ ಬಲಕ್ಕೆ ಪೂರ್ತಿ ತಿರುಗಿತು, ಎಡಕ್ಕೆ ಅರ್ಧಕ್ಕೇ ನಿಂತಿತು.

ಅವರು ಮುಚ್ಚಳ ಬಿಚ್ಚಿ ನಕ್ಕರು. "ಸ್ಟೇರಿಂಗ್ ಮೋಟರಿಗೆ ಕರೆಂಟ್ ಕೊಟ್ಟು, ಅದು ನಡುವಿಗೆ ಬಂದು ನಿಂತ ಮೇಲೆ ಚಕ್ರ ತಿರುಗಿಸೋ ಈ ಕಡ್ಡಿ ಕೂರಿಸ್ಬೇಕು. ಇದನ್ನ ಹಾಗೇ ಕೂರಿಸಿದಾರೆ, ಒಂದು ಹಲ್ಲು ಆಚೆ ಹೋಗಿದೆ, ಅದಕ್ಕೇ ಎಡಕ್ಕೆ ಪೂರ್ತಿ ತಿರುಗಲ್ಲ."

ಹೊಸ ಮೋಟರು ಹಾಕಿ ಕಡ್ಡಿ ಕೂರಿಸಿದವಳು ನಾನು. ಆಮೇಲೆ ಲಾರಿ ಎಡಕ್ಕೆ ತಿರುಗದೆ ಅಂಗಳದ ಗೋಡೆಗೆ ಗುದ್ದಿದಾಗ ನಿನ್ನ ಗೆಳೆಯರ ಎದುರಿಗೇ, "ನಿನ್ನ ಕೈ ನಡುಗುತ್ತೆ, ಇನ್ನು ಸಾಕು ಬಿಡಪ್ಪ" ಎಂದು ರಿಮೋಟ್ ಕಿತ್ತುಕೊಂಡವಳೂ ನಾನೇ. ನೀನು ಒಳಗೆ ಹೋದೆ. ಮತ್ತೆ ಅದನ್ನು ಮುಟ್ಟಲಿಲ್ಲ.

"ಈಗ ನೆನಪಾಯ್ತು, ಹೊಸ ಮೋಟರು ಹಾಕಿದ ವಾರವೇ ನಿಮ್ಮ ತಂದೆ ಇದನ್ನ ತಂದು ತೋರಿಸಿದ್ರು," ಎಂದರು ರಿಪೇರಿಯವರು. "ಸರಿ ಮಾಡ್ಲಾ ಅಂದೆ. ಮಗಳು ಕೂರಿಸಿದ್ದು, ಬಿಚ್ಚಿದ್ರೆ ಬೇಜಾರು ಮಾಡ್ಕೋತಾಳೆ, ಹಾಗೇ ಇರ್ಲಿ, ನಾನೇ ಹೊಂದಿಸ್ಕೊಂಡು ಓಡಿಸ್ತೀನಿ ಅಂದ್ರು."

ಸರಿ ಮಾಡಿಸಿಕೊಂಡು ಬಂದೆ. ಅಂಗಳದಲ್ಲಿ ಅದೇ ಗೋಡೆಯ ತನಕ ಓಡಿಸಿ ಎಡಕ್ಕೆ ತಿರುಗಿಸಿದೆ. ಎಲ್ಲೂ ತಗಲದೆ ತಿರುಗಿತು.

ರಿಮೋಟನ್ನು ನಿನ್ನ ಕುರ್ಚಿಯ ಮೇಲೆ ಇಟ್ಟಿದ್ದೇನೆ.