ಹೊಸ್ತಿಲತನಕ ತಂದ ನೀರು

ಮುಬಶೀರಾ,

ರೊಟ್ಟಿ ಬುಟ್ಟ್ಯಾಗ ಅದಾವ. ನಿನ್ನ ದಾದಿಗೆ ಹಾಲಾಗ ನೆನಸಿ ಕೊಡು. ನೀ ಕಾಲೇಜಿಂದ ಬರೂತನಕ ಬಾಜೂಮನಿ ಸುಂದರವ್ವ ಕುಂತಿರ್ತಾಳ.

ಮುಳುಗಿದ ಹಳೇ ಮನಿ ದಾದಿಗೆ ನೆನಪಾಗ್ಲಿ ಅಂತ ಮದುವಿ ಕಾರ್ಡು, ಇಳಕಲ್ ಸೀರಿ ಚಿಂದಿ ಅಂಟಿಸಿ ನೀ ಮಾಡಿದ ಚಿತ್ರ ಚೊಲೋನ ಇತ್ತು. ಗುಳಗಿ ಪಾಕೀಟಿನ ಬೆಳ್ಳಿ ಕಾಗದ ಹಚ್ಚಿ ನೀರು ಹೊಸ್ತಿಲತನಕ ಯಾಕ ತಂದಿ? ಮುಂಜಾನೆ ಅತ್ತಿಯವರು ಅದನ್ನ ನೋಡಿ, "ಹೊಳಿ ಬಂತು, ಏಳ್ರಿ" ಅಂತ ಅರಿವಿ ಗಂಟು ಕಟ್ಟಿದ್ರು. ನಾ ಸಿಟ್ಟಿಲೆ ನೀರು ಕಿತ್ತೆ. ಚಿತ್ರದಾಗಿನ ಕದಾನೂ ಹರಕೊಂಡು ಬಂತು.

ಮತ್ತ ಹಚ್ಚಾಕ ಹೋಗಬ್ಯಾಡ. ಗಂಟು ಬಿಚ್ಚಿದ್ರ ಅಳ್ತಾರ. ಚಿತ್ರದ ಮುಂದ ಕುಂತು, "ನೀರು ಇಳೀತು, ಮನಿಗೆ ಹೋಗ್ತೇನಿ, ಕದಾ ಎಲ್ಲೈತಿ?" ಅಂತ ಒಂದ ಸವನ ಕೇಳಾಕತ್ತಾರ.

ಕೆಲಸಕ್ಕ ಹೊತ್ತಾತು ಅಂತ ಸುಂದರವ್ವಗ ಹೇಳಿ ಹೊಂಟೇನಿ. ಇವತ್ತ ನನಗ ಸೂಟಿ ಐತಿ, ಕೆಲಸಾನ ಇಲ್ಲ.

ಅಮ್ಮಿ