ಎರಡು ತಾಳೆಮರ ಒಂದಾಗುವಲ್ಲಿ

ಪಾಣೆಮಂಗಳೂರು
12-12-2006

ನನ್ನ ಮುದ್ದಿನ ಮೊಮ್ಮಗಳು ಹನಾಳಿಗೆ, ಅಸ್ಸಲಾಮು ಅಲೈಕುಂ.

ನಿನ್ನ ತಂದೆ ಇರ್ಷಾದ್ ದಮಾಮಿನಿಂದ ಫೋನ್ ಮಾಡಿದ್ದ. "ಉಮ್ಮಾ, ಹನಾ ಗೆಳತಿ ದೀಕ್ಷಾಳ ಜೊತೆ ಕಯಾಕ್ ಅಂತ ಪ್ಲಾಸ್ಟಿಕ್ ದೋಣಿಯಲ್ಲಿ ಪಡುಬಿದ್ರಿಯಿಂದ ಸಸಿಹಿತ್ಲಿಗೆ ಕಡಲಲ್ಲೇ ಹೋಗ್ತಾಳಂತೆ! ಬೇಡ ಅಂತ ನೀವು ಬರೀರಿ. ನಿಮ್ಮ ಮಾತು ಕೇಳ್ತಾಳೆ" ಅಂದ.

ಬೇಡ ಎಂದು ಬರೆದೂ ಆಯಿತು. ಕವರಿಗೆ ಅಂಟು ಹಚ್ಚಲು ಮಾತ್ರ ಕೈ ಬರಲಿಲ್ಲ. ಶುಕ್ರವಾರ ಅವನು ಮತ್ತೆ ಫೋನ್ ಮಾಡಿದಾಗ ಕೇಳಿಯೇ ಬಿಟ್ಟೆ, "ನೀನು ದುಡಿಯಲು ಪರದೇಶಕ್ಕೆ ವಿಮಾನ ಹತ್ತುವಾಗ ನಾನು ಅಡ್ಡ ನಿಂತಿದ್ದೇನಾ ಮಾರಾಯ? ಅದರ ಕೆಳಗೂ ಕಡಲೇ ಇದ್ದದ್ದು."

ಆಮೇಲೆ, "ದಡದಲ್ಲಿ ನೀವೇ ನಿಲ್ಲುವುದಾದರೆ ಹೋಗಲಿ" ಅಂದ.

ಹಾಗಾಗಿ ಈಗ ಗಮನವಿಟ್ಟು ಓದು. ಬೆಳಕು ಹರಿಯುವಾಗಲೇ ಗಂಜಿ ಕುಡಿದು ಹೊರಡಿ. ಮಧ್ಯಾಹ್ನ ಕಡಲ ಕಡೆಯಿಂದ ಪಡುಗಾಳಿ ಏಳುವ ಮೊದಲು ದಡ ಸೇರಬೇಕು. ಅಳಿವೆಯಲ್ಲಿ, ಹೊಳೆ ಕಡಲಿಗೆ ಬೀಳುವ ಆ ಜಾಗದಲ್ಲಿ, ದಡಕ್ಕೆ ಅಂಟಿಕೊಂಡು ಬರಬೇಡಿ; ಹೊರಗಿನಿಂದ ಸುತ್ತಿ ಬನ್ನಿ.

ಇಳಿಯುವುದು ಸಸಿಹಿತ್ಲಿನ ನನ್ನ ತವರುಮನೆಯ ಎದುರು. ಅಲ್ಲಿ ನೀರಿನಡಿ ಎರಡೂ ಬದಿಗೆ ಮರಳ ದಿಬ್ಬ ಉಂಟು, ನಡುವೆ ಸಪೂರ ದಾರಿ. ದಡದಲ್ಲೊಂದು ತಾಳೆಮರ, ಅದರ ಹಿಂದೆ ಮಸೀದಿಯ ಹಿತ್ತಲಲ್ಲಿ ಇನ್ನೊಂದು. ಎರಡೂ ಒಂದೇ ಮರದಂತೆ ಕಂಡಾಗ ಮಾತ್ರ ನನ್ನ ತಂದೆ ದೋಣಿಯನ್ನು ಒಳಗೆ ತಿರುಗಿಸುತ್ತಿದ್ದದ್ದು.

ಇದನ್ನು ಅಲ್ಲಿರುವ ನನ್ನ ಅಣ್ಣ ಮೊಯಿದಿನಬ್ಬನಿಗೆ ಹೇಳಿದರೆ ಅವನು ನಕ್ಕ. "ಯಾವ ಕಾಲದಲ್ಲಿದ್ದೀ ಸಫಿಯಾ? ದಾರಿ ಈಗಲೂ ಅದೇ. ದಡದ ಮರ ಸಿಡಿಲಿಗೆ ಹೋಗಿ ಬರೀ ಬುಡ ಉಳಿದಿದೆ" ಅಂದ.

ಬುಡ ಉಂಟಲ್ಲ, ಸಾಕು. ಉದ್ದದ ಬಿದಿರಿಗೆ ನನ್ನ ಹಳದಿ ತಲೆವಸ್ತ್ರ ಕಟ್ಟಿ ಅಲ್ಲಿ ನಾನು ನಿಲ್ಲುತ್ತೇನೆ. ಹಿಂದಿನ ಮರ ಮತ್ತು ಅಜ್ಜಿ ಒಂದೇ ಗೆರೆಗೆ ಬಂದಾಗ ತಿರುಗಿಸು. ನೀನು ದಡ ಮುಟ್ಟುವವರೆಗೆ ನಾನು ಅಲುಗುವುದಿಲ್ಲ.

ಕಾಗುಣಿತ ತಪ್ಪಿದ್ದಲ್ಲಿ ನಗಬೇಡ. ನಿನ್ನ ತಂದೆಯ ಒಂದನೇ ಕ್ಲಾಸಿನ ಪುಸ್ತಕ ನೋಡಿ ಕಲಿತ ಅಕ್ಷರ ಇದು.

ದುಆದೊಂದಿಗೆ,
ನಿನ್ನ ಅಜ್ಜಿ
ಸಫಿಯಮ್ಮ

ವಿ.ಸೂ.: ಇಷ್ಟೆಲ್ಲ ಬರೆದೆನಲ್ಲ, ನಾನು ಒಮ್ಮೆಯೂ ದೋಣಿ ಹತ್ತಿದವಳಲ್ಲ. ಹೆಣ್ಣುಮಕ್ಕಳನ್ನು ಹತ್ತಿಸುತ್ತಿರಲಿಲ್ಲ. ಎಲ್ಲ ತಂದೆ ಊಟದ ಹೊತ್ತಿಗೆ ಹೇಳಿದ್ದು. ದಡದಿಂದ ಕಡಲು ನೋಡಿದ್ದೇನೆ, ಅಷ್ಟೆ. ಒಳಗೆ ತಿರುಗಿಸುವ ಮೊದಲು ಒಂದು ಗಳಿಗೆ ಹುಟ್ಟು ಹಾಕುವುದನ್ನು ನಿಲ್ಲಿಸು ಮಗಳೇ. ನೀರಿನಿಂದ ನಮ್ಮ ಮನೆ ಹೇಗೆ ಕಾಣುತ್ತದೆ ಎಂದು ನೋಡಿ ಬಂದು ನನಗೆ ಹೇಳಬೇಕು.